ನಳಿಗೆಯೊಳಗಣ ಉಪ್ಪು

ಆಯುಧಪೂಜೆಯ ದಿನ ಮಿತ್ರರೊಬ್ಬರು ನಮ್ಮನ್ನು ಕೇಳಿದರು: “ಮೇಷ್ಟರೇ, ಸೈನ್ಯವು ಕೈಬಿಟ್ಟ ಹಳೆಯ ರೈಫಲುಗಳನ್ನು ಹೊರದೇಶಗಳಲ್ಲಿ ಹವ್ಯಾಸಿಗಳು ಕೊಂಡು ಗುರಿ ಹೊಡೆಯುವರಂತೆ. ಅಷ್ಟು ಹಳೆಯ ಕಬ್ಬಿಣವು ಕೆಡದೆ ಉಳಿಯುವುದು ಹೇಗೆ?” ಸಂಸ್ಕೃತದ ಉಪಾಧ್ಯಾಯನಿಗೂ ಬಂದೂಕಿಗೂ ಏನು ಸಂಬಂಧವೆಂದು ನಗತಕ್ಕವರು ನಗಲಿ. ಶಾಲೆಯ ಎನ್.ಸಿ.ಸಿ. ದಳವನ್ನು ಕೆಲಕಾಲ ನಡೆಯಿಸಿದ ನಾವು ಈ ವಿಷಯದಲ್ಲಿ ಒಂದು ಪಾಠವನ್ನು, ಸ್ವಲ್ಪ ಬೆಲೆ ತೆತ್ತೇ, ಕಲಿತಿರುವೆವು.

ನಮ್ಮಲ್ಲಿ ‘303’ ಎಂದು ಪ್ರಸಿದ್ಧವಾದ ಲೀ-ಎನ್‌ಫೀಲ್ಡ್ ರೈಫಲನ್ನೇ ನೋಡೋಣ. 1907ರಲ್ಲಿ ಬ್ರಿಟಿಷ್ ಸೈನ್ಯವು ಅಂಗೀಕರಿಸಿದ ಮಾದರಿಯು ಮುಂದೆ ವಂಗದೇಶದ ಇಷಾಪುರದಲ್ಲಿಯೂ ತಯಾರಾಯಿತು. ಬೋಲ್ಟಿನ ಹಿಡಿಯನ್ನೆತ್ತಿ ಹಿಂದಕ್ಕೆಳೆದು ಮುಂದಕ್ಕೆ ನೂಕಿದರೆ, ಕೆಳಗಣ ಪೆಟ್ಟಿಗೆಯ ಹತ್ತು ತೋಟಾಗಳಲ್ಲಿ ಒಂದು ನಳಿಗೆಯನ್ನು ಸೇರುವುದು. ಕೆನಡಾದ ಹಿಮಪ್ರದೇಶದ ರೇಂಜರ್ ದಳದವರು 1947ರಿಂದ ಸುಮಾರು ಏಳು ದಶಕಗಳ ಕಾಲ ಈ ವಂಶದ ರೈಫಲನ್ನೇ ನಂಬಿದ್ದರು. ಉತ್ತರ ಪ್ರದೇಶದ ಪೊಲೀಸರು ಇದನ್ನು ಬೀಳ್ಕೊಟ್ಟುದು 2020ರಲ್ಲಿ.

ಸುಮಾರು ಮೂವತ್ತು ವರ್ಷಗಳ ಹಿಂದೆ ಒಂದು ಶಿಬಿರದಲ್ಲಿ ಗುರಿಯಭ್ಯಾಸ ಮುಗಿದ ಸಂಜೆ, ನಳಿಗೆಗಳಿಗೆ ಚೆನ್ನಾಗಿ ಎಣ್ಣೆ ಹಾಕಿರೆಂದು ಹುಡುಗರಿಗೆ ಅಪ್ಪಣೆ ಮಾಡಿದೆವು. ಮಳೆಗಾಲ. ಮೂರನೆಯ ದಿನ ನೋಡಿದರೆ ಒಂದು ನಳಿಗೆಯೊಳಗೆ ಕೆಂಪು ತುಕ್ಕು! ಅದನ್ನು ಒರಸಿದ ಹುಡುಗನನ್ನು ಸಾಲಿನ ಮುಂದೆ ನಿಲ್ಲಿಸಿ ಸೋಮಾರಿಯೆಂದು ಗದರಿದೆವು. “ಎಣ್ಣೆ ಹಾಕಿದ್ದೆ ಸಾರ್” ಎಂದನು, ನಾವು ನಂಬಲಿಲ್ಲ. ಆಮೇಲೆ ವೃದ್ಧ ಹವಾಲ್ದಾರರು ನಮ್ಮನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, “ಸಾಹೇಬರೇ, ಎಣ್ಣೆಯಲ್ಲಿ ಉಪ್ಪು ಕರಗುವುದೇ?” ಎಂದರು.

ವಿಷಯವಿಷ್ಟೆ. ಹಳೆಯ ಸೈನಿಕ ತೋಟಾಗಳ ಬುಡದಲ್ಲಿ ಕಿಡಿಯೆಬ್ಬಿಸುವ ಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿದ್ದಿತು. ಅದು ಉರಿದ ಮೇಲೆ ನಳಿಗೆಯಲ್ಲಿ ಒಂದು ಬಗೆಯ ಉಪ್ಪು ಉಳಿಯುವುದು. ಅಡಿಗೆಮನೆಯ ಉಪ್ಪು ಮಳೆಗಾಲದಲ್ಲಿ ಒಸರುವಂತೆ ಇದೂ ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುವುದು. ಮೇಲೆ ಎಣ್ಣೆ ಹಚ್ಚಿದರೆ ಉಪ್ಪು ಕರಗದೆ ಅಡಿಯಲ್ಲಿಯೇ ನಿಲ್ಲುವುದು. ಆದುದರಿಂದ ಮೊದಲು ಬೋಲ್ಟನ್ನು ತೆಗೆದು, ಹಿಂಬದಿಯಿಂದ ಕುದಿಯುವ ನೀರನ್ನು ಆಲಿಕೆಯಿಂದ ಹೊಯ್ಯತಕ್ಕದ್ದು. ಬಿಸಿಯಾದ ನಳಿಗೆಯು ಬೇಗ ಒಣಗುವುದು. ಬಳಿಕ ತೂಕದ ಗುಂಡು ಕಟ್ಟಿದ ದಾರಕ್ಕೆ ಬಟ್ಟೆಯ ತುಂಡನ್ನು ಸಿಕ್ಕಿಸಿ ಎಳೆದು, ಕಡೆಗೆ ತೆಳುವಾಗಿ ಎಣ್ಣೆ. ಆ ದಾರಕ್ಕೂ ಎಣ್ಣೆಯ ಪುಟ್ಟ ಸೀಸೆಗೂ ರೈಫಲಿನ ಹಿಂಭಾಗದ ಮರದೊಳಗೇ ಗೂಡುಂಟು.

ಉಗ್ರಾಣದಿಂದ ಬಂದ ರೈಫಲಿಗೆ ಇನ್ನೂ ಎಚ್ಚರ ಬೇಕು. ಅದಕ್ಕೆ ಬಳಿದ ಗಟ್ಟಿ ಜಿಡ್ಡನ್ನು ನಳಿಗೆಯಿಂದ ಪೂರ್ಣವಾಗಿ ತೆಗೆಯದೆ ಹೊಡೆಯಬಾರದು. ಬೋಲ್ಟಿನ ಅಂಕಿಯೂ ಒಡಲಿನ ಅಂಕಿಯೂ ಒಂದೇ ಆಗಿರುವುದು ಲೇಸು. ಬೇರೆಯದನ್ನು ತೊಡಿಸಿದರೆ ತೋಟಾದ ಹಿಂದೆ ಎಡೆ ಹೆಚ್ಚಿ, ಅದರ ಹಿತ್ತಾಳೆಯ ಕೋಶವು ಹರಿಯಬಹುದು. ಇದನ್ನು ಅಳೆಯುವುದು ಬಲ್ಲ ಕುಶಲಕರ್ಮಿಯ ಕೆಲಸ. ನಮ್ಮ ದೇಶದಲ್ಲಿ ಈ ಅಳತೆಯ ರೈಫಲು ಸಾಮಾನ್ಯರಿಗೆ ನಿಷಿದ್ಧವೆಂಬುದನ್ನೂ ವಾಚಕರು ಮರೆಯಬಾರದು.

ಆ ಹುಡುಗನನ್ನು ಪುನಃ ಸಾಲಿನ ಮುಂದೆ ಕರೆದು ತಪ್ಪು ನಮ್ಮದೆಂದು ಹೇಳಲು ನಮಗೆ ಎರಡು ದಿನ ಹಿಡಿಯಿತು. ಶಿಬಿರ ಮುಗಿಯುವುದರೊಳಗೆ ಹೇಳಿದೆವೆಂಬುದೊಂದೇ ಸಮಾಧಾನ. ನಳಿಗೆಯ ಒಳಮೈಯಲ್ಲಿ ಮಾತ್ರ ತುಕ್ಕು ತಿಂದ ಗುಳಿಗಳು ಹಾಗೆಯೇ ಉಳಿದವು.