ಮಲ್ಲಿಗೆಗೆ ಎರೆದ ನೀರು

ನೀರನ್ನು ವ್ಯರ್ಥ ಮಾಡಬಾರದೆಂಬುದು ಒಳ್ಳೆಯ ನೀತಿ. ತಿಂಗಳ ಹಿಂದೆ ಆ ನೀತಿಯೇ ನನ್ನಿಂದ ಒಂದು ಪಾತಕವನ್ನು ಮಾಡಿಸಿತು. ಬಾಲ್ಕನಿಯಲ್ಲಿ ಅರ್ಧ ಬಕೆಟ್ಟು ನೀರಿತ್ತು; ಮಲ್ಲಿಗೆಯ ಕುಂಡಕ್ಕೆ ಸುರಿದುಬಿಟ್ಟೆ. ಅದು ನೆಲ ತೊಳೆಯಲು ಬ್ಲೀಚಿಂಗ್ ಪುಡಿ ಕಲಸಿಟ್ಟ ನೀರೆಂದು ಮೂಗು ಹೇಳಿದ್ದು ಆಮೇಲೆ. ತೀರಿಕೊಂಡ ತಂದೆಯವರು ಊರಿನಿಂದ ತಂದು ನೆಟ್ಟ ಗಿಡ. ಅಮ್ಮ ಒಂದು ಮಾತೂ ಆಡಲಿಲ್ಲ.

ಸಸ್ಯಶಾಸ್ತ್ರದ ಅಧ್ಯಾಪಕ ಮಿತ್ರರನ್ನು ಕೇಳಿದೆ. “ಗೊಬ್ಬರ ಹಾಕಬೇಡಿ, ನೊಂದ ಬೇರಿಗೆ ಅದು ಹೊರೆ. ತಳದ ರಂಧ್ರ ತೆರೆದಿದೆಯೇ ನೋಡಿ, ಶುದ್ಧ ನೀರನ್ನು ಮೆಲ್ಲಗೆ, ಮತ್ತೆ ಮತ್ತೆ ಹೊಯ್ಯಿರಿ. ಎಲ್ಲವೂ ಕೆಳಗೆ ಹರಿದುಹೋಗಲಿ. ಬ್ಲೀಚಿನ ಕಟುತ್ವ ಮಣ್ಣಿನಲ್ಲಿ ಬೇಗ ಅಡಗುತ್ತದೆ. ಉಳಿಯುವ ಲವಣವನ್ನು ನೀರೇ ಹೊತ್ತೊಯ್ಯಬೇಕು. ಫಿನಾಯಿಲಾದರೆ ಮಣ್ಣಿಗೆ ಅಂಟಿಕೊಳ್ಳುತ್ತದೆ. ಆಗ ಮಣ್ಣನ್ನೇ ಬದಲಿಸಬೇಕು. ಬಳಿಕ ನೆರಳಿನಲ್ಲಿಡಿ, ಮೇಲ್ಮಣ್ಣು ಆರುವತನಕ ನೀರು ಬೇಡ” ಎಂದರು.

ಹಾಗೆಯೇ ಮಾಡಿದೆ. ಆದರೂ ವಾರದೊಳಗೆ ಎಲೆಗಳೆಲ್ಲ ಉದುರಿದವು. ಕಿತ್ತೊಗೆಯಲು ಹೊರಟವನನ್ನು ಅಮ್ಮ ತಡೆದರು. ಉಗುರಿನಿಂದ ತೊಗಟೆಯನ್ನು ಕೆರೆದು ತೋರಿಸಿದರು. “ಒಳಗೆ ಹಸಿರಿದೆಯಪ್ಪ, ಇರಲಿ.”

ಮೊನ್ನೆ ಬುಡದಲ್ಲಿ ಎರಡು ಚಿಗುರೊಡೆದಿವೆ. ವಾಚಕರೆ, ಕೀಳುವ ಮುನ್ನ ಒಮ್ಮೆ ಕೆರೆದು ನೋಡಿ. ಎರೆಯುವ ಮುನ್ನ ಒಮ್ಮೆ ಮೂಸಿ ನೋಡಿ.