ಗುಬ್ಬಿ ಮರಿಗೆ ಭತ್ತ ಬೇಡ!

ಕಂಪನಿ ಬೆಂಗಳೂರಿನದ್ದು, ಕೆಲಸ ಕುಕ್ಕುವಾಡದ ಮನೆಯಿಂದ. ಹಿತ್ತಲ ಕಡೆಯ ಕಿಟಕಿ ಪಕ್ಕದ ಟೇಬಲ್ಲೇ ನನ್ನ ಆಫೀಸು. ಕಳೆದ ವರ್ಷ ಉಮೇದಿನಲ್ಲಿ ಆನ್‌ಲೈನಲ್ಲಿ ಒಂದು ಪ್ಲಾಸ್ಟಿಕ್ ಬರ್ಡ್ ಫೀಡರ್ ತರಿಸಿ, ಕಾಳು ತುಂಬಿ ತೂಗುಹಾಕಿದೆ. ವಾರ ಕಳೆದರೂ ಒಂದು ಗುಬ್ಬಿ ಹತ್ತಿರ ಸುಳಿಯಲಿಲ್ಲ. ಅವ್ವ ನಕ್ಕಳು. "ಅದರಾಗೆ ಕಾಳು ಐತಿ ಅಂತ ಅವಕ್ಕೆ ಹೆಂಗೆ ಗೊತ್ತಾಗ್ಬೇಕೋ?" ಅಂದವಳೇ, ಗದ್ದೆಯಿಂದ ತಂದಿಟ್ಟಿದ್ದ ಭತ್ತದ ತೆನೆ ಕಟ್ಟಿ ಸೂರಿಗೆ ನೇತುಹಾಕಿದಳು. ಮಾರನೇ ದಿನ ಬೆಳಿಗ್ಗೆಯೇ ಗುಬ್ಬಿಗಳು ಹಾಜರ್!

ಆಮೇಲೆ ಮೀಟಿಂಗ್ ನಡುವೆಯೂ ಕಣ್ಣು ಅಲ್ಲೇ. ಮೊದಲು ಬಂದ ಗುಬ್ಬಿ ತಕ್ಷಣ ತಿನ್ನಲ್ಲ. ತಂತಿ ಮೇಲೆ ಕೂತು ಚಿಂವ್ ಚಿಂವ್ ಅಂತ ಕೂಗುತ್ತೆ. ಇನ್ನೂ ಮೂರ್ನಾಲ್ಕು ಬಂದ ಮೇಲೆಯೇ ತೆನೆಗೆ ಇಳಿಯೋದು. ಗುಂಪಿದ್ದರೆ ಬೆಕ್ಕು ಬಂದಾಗ ನೋಡೋಕೆ ಕಣ್ಣು ಜಾಸ್ತಿ. ಕಾಳನ್ನು ಕೊಕ್ಕಲ್ಲಿ ಹೊರಳಿಸಿ, ಸಿಪ್ಪೆ ಉದುರಿಸಿ, ಅಕ್ಕಿ ಮಾತ್ರ ನುಂಗುತ್ತವೆ.

ಡಿಸೆಂಬರ್‌ನಲ್ಲಿ ಒಂದು ಜೋಡಿ ಹಿತ್ತಲ ಗೋಡೆಯ ಸಂದಿಯಲ್ಲಿ ಗೂಡು ಕಟ್ಟಿತು. ಮರಿಗಳ ಸದ್ದು ಶುರುವಾದಾಗ ಒಂದು ವಿಚಿತ್ರ ನೋಡಿದೆ. ತೆನೆ ಎರಡೇ ಮಾರು ದೂರದಲ್ಲಿದೆ. ಆದರೂ ಅಪ್ಪ-ಅಮ್ಮ ಗುಬ್ಬಿ ಅವರೆ ಬಳ್ಳಿಗೆ ಹಾರಿ, ಹಸಿರು ಹುಳು ಕಚ್ಚಿಕೊಂಡು ಗೂಡಿಗೆ ಓಡುತ್ತಿದ್ದವು. ಓದಿದಾಗ ತಿಳಿಯಿತು: ದೊಡ್ಡ ಗುಬ್ಬಿಗೆ ಕಾಳು ಸಾಕು, ಮೊಟ್ಟೆಯೊಡೆದ ಮರಿ ಬೆಳೆಯೋಕೆ ಹುಳುವೇ ಬೇಕು.

ಅದೇ ವಾರ ಅಪ್ಪಾಜಿ ಅವರೆಗೆ ಔಷಧಿ ಹೊಡೆಯೋಕೆ ಪಂಪ್ ತೊಳೆಯುತ್ತಿದ್ದರು. "ಅಪ್ಪಾಜಿ, ಎರಡು ವಾರ ಬಿಡ್ರಿ" ಅಂದೆ. "ಹುಳ ತಿಂದ್ರೆ ಕಾಯಿ ನೀನು ಕೊಡ್ತೀಯೇನು?" ಅಂದರು. ರೇಗಿದ್ದೇನೋ ನಿಜ, ಆದರೆ ಅವರ ಮಾತೂ ಸುಳ್ಳಲ್ಲ.

ರಾತ್ರಿ ಊಟಕ್ಕೆ ಕೂತಾಗ ಚೀನಾದ ಕಥೆ ಹೇಳಿದೆ. ಕಾಳು ತಿನ್ನುತ್ತವೆ ಅಂತ 1958ರಲ್ಲಿ ಅಲ್ಲಿ ಗುಬ್ಬಿಗಳನ್ನು ಕೊಲ್ಲುವ ಅಭಿಯಾನವೇ ನಡೆಯಿತು. ಗುಬ್ಬಿ ಹೋದ ಮೇಲೆ ಹೊಲದಲ್ಲಿ ಹುಳುಗಳ ಕಾಟ ಹೆಚ್ಚಿತು. 1960ರಲ್ಲಿ ಕೊಲ್ಲಬೇಕಾದ ಪಟ್ಟಿಯಿಂದ ಗುಬ್ಬಿ ತೆಗೆದು ತಿಗಣೆ ಸೇರಿಸಿದರು! ಅಪ್ಪಾಜಿ ಏನೂ ಹೇಳಲಿಲ್ಲ. ಬೆಳಿಗ್ಗೆ ನೋಡಿದರೆ ಪಂಪ್ ಮೂಲೆ ಸೇರಿತ್ತು.

ಎರಡು ವಾರದಲ್ಲಿ ಮರಿಗಳು ಹಾರಿದವು. ಅವರೆಕಾಯಿ ಕೆಲವು ತೂತು ಬಿದ್ದವು. ಅವ್ವ ಒಳ್ಳೆಯವನ್ನು ಆರಿಸಿ ಸಾರು ಮಾಡಿದಳು.

ನೀವೂ ಬಾಲ್ಕನಿಯಲ್ಲಿ ಕಾಳು ಇಡ್ತೀರಾ? ಖುಷಿ. ಉಪ್ಪು-ಖಾರದ ಮಿಕ್ಸ್‌ಚರ್ ಬೇಡ, ಬೆಕ್ಕು ಎಗರದಷ್ಟು ಎತ್ತರ ಇರಲಿ, ನೀರಿನ ಬಟ್ಟಲು ದಿನಾ ತೊಳೆಯಿರಿ. ಜೊತೆಗೆ ಔಷಧಿ ಹೊಡೆಯದ ನಾಲ್ಕು ಗಿಡ ಬೆಳೆಸಿ. ಕಾಳಿಟ್ಟರೆ ಗುಬ್ಬಿ ಬರುತ್ತೆ, ಹುಳು ಇದ್ದರೆ ಗುಬ್ಬಿ ಮರಿ ಉಳಿಯುತ್ತೆ.