ವೇಗ ತಗ್ಗಿದಾಗ ದೋಷ ಎಲ್ಲಿದೆ? ಮನೆಯೊಳಗೋ, ಬೇಲಿಯಾಚೆಗೋ?

ಮನೆಯ ಇಂಟರ್‌ನೆಟ್ ನಿಧಾನವೆಂಬ ದೂರು ಈಗ ಬೆಳೆಗಾರರ ನಡುವೆ ಮಳೆ, ಕೂಲಿ, ಧಾರಣೆಗಳ ಮಾತಿನಷ್ಟೇ ಸಾಮಾನ್ಯವಾಗಿದೆ. ಇದನ್ನು ಪಟ್ಟಣದವರ ಷೋಕಿಯೆಂದು ತಳ್ಳಿಹಾಕುವ ಕಾಲ ಎಂದೋ ಹೋಯಿತು. ಫ್ರೂಟ್ಸ್ ನೋಂದಣಿ, ಪಹಣಿ, ಅಡಿಕೆಯ ಹವಾಮಾನ ಆಧಾರಿತ ವಿಮೆ, ಕಾಫಿ ಮಂಡಳಿಯ ಸಹಾಯಧನ ಎಲ್ಲಕ್ಕೂ ಈ ತಂತಿಯ ಹಂಗು ಉಂಟು. ಯುರೋಪಿಯನ್ ಒಕ್ಕೂಟವು 2023ರಲ್ಲಿ ಮಾಡಿದ ಅರಣ್ಯನಾಶ ತಡೆ ನಿಯಮದ ಜಾರಿ ಮುಂದಕ್ಕೆ ಹೋಗಿದೆಯಾದರೂ, ಕಾಫಿ ಬೆಳೆದ ತೋಟದ ಸ್ಥಳಾಂಕ ಕೊಡಬೇಕೆಂಬ ಅದರ ಷರತ್ತು ಸಣ್ಣ ಹಿಡುವಳಿದಾರನ ಬಾಗಿಲನ್ನೂ ತಟ್ಟುವಂಥದೇ. ವಿಮೆಯ ಕಡೆಯ ದಿನ ಸಂಜೆ ಪರದೆಯ ಮೇಲೆ ಚಕ್ರ ತಿರುಗುತ್ತ ನಿಂತರೆ ಹೋಗುವುದು ಮನರಂಜನೆಯಲ್ಲ, ವರ್ಷದ ರಕ್ಷಣೆ. ಇನ್ನು ಮಕ್ಕಳ ವಿಷಯ. 2021ರ ಜೂನ್ ತಿಂಗಳ ಮಳೆಯಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಬಳಿ ರಸ್ತೆ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೇ ಕಂಡಿತು.

ಆ ಬಳಿಕ ಅನೇಕ ಊರುಗಳಿಗೆ ಫೈಬರ್ ಬಂದಿದೆ. ಆದರೆ ತಂತಿ ಬಂದ ಮನೆಯಲ್ಲೂ ವೇಗ ಬಂದಿಲ್ಲವೆಂಬ ಕೊರಗು ಉಳಿದಿದೆ. ಇದಕ್ಕೆ ಸಾಮಾನ್ಯವಾಗಿ ಎರಡೇ ಬಗೆಯ ಪ್ರತಿಕ್ರಿಯೆ ಕಾಣುತ್ತೇವೆ. ಕೆಲವರು ಕೂಡಲೇ ಹೆಚ್ಚು ದುಡ್ಡಿನ ಪ್ಲಾನಿಗೆ ಹೋಗುತ್ತಾರೆ. ಉಳಿದವರು ಕಂಪೆನಿಗೆ ಶಾಪ ಹಾಕಿ ಸುಮ್ಮನಾಗುತ್ತಾರೆ. ಎರಡರಿಂದಲೂ ಪ್ರಯೋಜನವಿಲ್ಲವೆಂಬುದು ನಮ್ಮ ಅಭಿಪ್ರಾಯ.

ತೋಟದ ಸ್ಪ್ರಿಂಕ್ಲರ್ ನೀರು ಚಿಮ್ಮದಿದ್ದರೆ ನಾವು ಮೊದಲೇ ದೊಡ್ಡ ಪಂಪು ಕೊಳ್ಳುವುದಿಲ್ಲವಷ್ಟೆ. ನಾಜಲ್ ಕಟ್ಟಿದೆಯೇ, ಪೈಪಿನ ಜಾಯಿಂಟು ಸೋರುತ್ತಿದೆಯೇ, ಫುಟ್‌ವಾಲ್ವಿಗೆ ಕಸ ಸಿಕ್ಕಿದೆಯೇ ಎಂದು ಒಂದೊಂದಾಗಿ ನೋಡುತ್ತೇವೆ. ಇಲ್ಲಿಯೂ ಅದೇ ಕ್ರಮ ಸಲ್ಲುತ್ತದೆ.

ಮೊದಲಿಗೆ, ಕೊಂಡದ್ದು ಎಷ್ಟು ಎಂದು ತಿಳಿಯಬೇಕು. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಇರಬೇಕಾದ ಕನಿಷ್ಠ ವೇಗವು 2004ರ ನೀತಿಯಂತೆ 256 ಕೆಬಿಪಿಎಸ್ ಇತ್ತು. 2013ರಲ್ಲಿ ಅದು 512 ಕೆಬಿಪಿಎಸ್ ಆಯಿತು, 2023ರಲ್ಲಿ 2 ಎಂಬಿಪಿಎಸ್‌ಗೆ ಏರಿತು. ಕಂಪೆನಿ ಹೇಳುವ ಲೆಕ್ಕ ಬಿಟ್‌ಗಳದ್ದು, ಕಡತಗಳ ಗಾತ್ರದ ಲೆಕ್ಕ ಬೈಟ್‌ಗಳದ್ದು. 8 ಬಿಟ್ ಸೇರಿದರೆ 1 ಬೈಟ್. ಆದುದರಿಂದ 40 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 5 ಮೆಗಾಬೈಟ್ ಇಳಿಯುತ್ತದೆ. ಅದು ಮೋಸವಲ್ಲ. ಅನೇಕ ಪ್ಲಾನುಗಳಲ್ಲಿ ತಿಂಗಳ ಮಿತಿ ಮುಗಿದ ಬಳಿಕ ವೇಗ ತಾನಾಗಿ ಇಳಿಯುವುದೂ ಉಂಟು. ಪ್ರತಿ ತಿಂಗಳ ಕೊನೆಯ ವಾರದಲ್ಲಿ ಮಾತ್ರ ನಿಧಾನವಾದರೆ ಈ ಮಿತಿಯನ್ನೇ ಮೊದಲು ವಿಚಾರಿಸಬೇಕು.

ಎರಡನೆಯದು ಅಳತೆ. ಮನೆಯ ಫೋನು, ಟಿ.ವಿ., ಕ್ಯಾಮರಾ ಎಲ್ಲವನ್ನೂ ಜಾಲದಿಂದ ಬಿಡಿಸಿ, ಒಂದು ಲ್ಯಾಪ್‌ಟಾಪನ್ನು ಲ್ಯಾನ್ ತಂತಿಯಿಂದ ನೇರವಾಗಿ ಪೆಟ್ಟಿಗೆಗೆ ಜೋಡಿಸಿ ವೇಗ ನೋಡಬೇಕು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂಬತ್ತಕ್ಕೆ, ಹೀಗೆ ಮೂರು ದಿನ ನೋಡಿ ಗಂಟೆ ಸಹಿತ ಬರೆದಿಡಬೇಕು. ಇದಕ್ಕೆ ಕಾಸಿನ ಖರ್ಚಿಲ್ಲ. ಮನೆಯೊಳಗಿನ ದೋಷವನ್ನೂ ಹೊರಗಿನ ದೋಷವನ್ನೂ ಬೇರ್ಪಡಿಸುವ ಉಪಾಯ ಇದೇ.

ತಂತಿಯಲ್ಲಿ ವೇಗ ಸರಿಯಾಗಿದ್ದು ಫೋನಿನಲ್ಲಿ ಮಾತ್ರ ತಗ್ಗಿದ್ದರೆ ದೋಷ ವೈಫೈಯದು. ನಮ್ಮ ಹಳೆಯ ಮನೆಗಳ ದಪ್ಪ ಗೋಡೆಗಳನ್ನೂ ತಗಡಿನ ಮಾಡನ್ನೂ ದಾಟಲು ಆ ಅಲೆಗಳಿಗೆ ಕಷ್ಟ. ಇದು ಮಲೆನಾಡಿನ ತೊಡಕು ಮಾತ್ರವೆಂದು ಭಾವಿಸಬೇಕಾಗಿಲ್ಲ. ನಿಂಬೆಗೆ ಹೆಸರಾದ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಇರುವ ವಿಜಯಪುರ ಜಿಲ್ಲೆಯ ಇಂಡಿಯ ಕಡೆ ನಮ್ಮಂತೆ ಗುಡ್ಡಗಳ ಅಡ್ಡಿಯಿಲ್ಲ. ಬಯಲು ಸೀಮೆ, ಟವರಿನ ಅಲೆಗೆ ದಾರಿ ಸಲೀಸು. ಆದರೆ ಆ ಸೀಮೆಯ ಕಲ್ಲುಗೋಡೆ, ಮಣ್ಣಿನ ಮಾಳಿಗೆಯ ಮನೆಯೊಳಗೆ ವೈಫೈ ಪಡುವ ಪಾಡು ನಮ್ಮ ಮನೆಗಳಲ್ಲಿ ಪಡುವ ಪಾಡೇ. ಅಲ್ಲಿಯ ನಿಂಬೆ ಬೆಳೆಗಾರರಿಗೂ ಇಲ್ಲಿಯ ಅಡಿಕೆ ಬೆಳೆಗಾರರಿಗೂ ಔಷಧ ಒಂದೇ. ಪೆಟ್ಟಿಗೆಯನ್ನು ಕಪಾಟಿನೊಳಗೆ, ಫ್ರಿಜ್ಜಿನ ಹಿಂದೆ ಇಡದೆ ಮನೆಯ ನಡುವೆ ಎತ್ತರದಲ್ಲಿ ಇಡಬೇಕು. 2.4 ಗಿಗಾಹರ್ಟ್ಸ್ ಅಲೆ ಗೋಡೆ ದಾಟುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಗೋಡೆ ಎದುರಾದರೆ ಸೋಲುತ್ತದೆ. ಪೆಟ್ಟಿಗೆಯಿರುವ ಕೋಣೆಯಲ್ಲಿ ಎರಡನೆಯದನ್ನೂ ದೂರದ ಕೋಣೆಯಲ್ಲಿ ಮೊದಲನೆಯದನ್ನೂ ಬಳಸಬೇಕು. ಒಂದೇ ಅಲೆಯಲ್ಲಿ ಪಡೆದು ಅದೇ ಅಲೆಯಲ್ಲಿ ಕಳಿಸುವ ಅಗ್ಗದ ರಿಪೀಟರು ವೇಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಅದರ ಬದಲು ಒಳಕೋಣೆಗೆ ಲ್ಯಾನ್ ತಂತಿ ಎಳೆದು ಅಲ್ಲೊಂದು ರೂಟರ್ ಇಡುವುದು ಲೇಸು. ಹಳೆಯ ರೂಟರುಗಳ ಲ್ಯಾನ್ ಕಿಂಡಿ 100 ಎಂಬಿಪಿಎಸ್ ಮೀರುವುದಿಲ್ಲ. ಅಂಥದನ್ನು ಇಟ್ಟುಕೊಂಡು 200ರ ಪ್ಲಾನಿಗೆ ಹಣ ಕಟ್ಟುವುದು, ಅರ್ಧ ಇಂಚಿನ ಪೈಪಿಗೆ ಹತ್ತು ಅಶ್ವಶಕ್ತಿಯ ಪಂಪು ಕೂರಿಸಿದಂತೆ.

ತಂತಿಯಲ್ಲೇ ವೇಗ ತಗ್ಗಿದ್ದರೆ ದೋಷ ಸಾಮಾನ್ಯವಾಗಿ ಬೇಲಿಯಾಚೆಗಿನದು. ಅದರ ಗುರುತನ್ನು ನಾವು ಬರೆದಿಟ್ಟ ಅಳತೆಯೇ ಹೇಳುತ್ತದೆ. ರಾತ್ರಿ ಏಳರಿಂದ ಹತ್ತರವರೆಗೆ ಮಾತ್ರ ನಿಧಾನವೆಂದರೆ ಒಂದೇ ಕಾಲುವೆಗೆ ಮನೆಗಳು ಹೆಚ್ಚಾದುವೆಂದು ಅರ್ಥ. ಹಳೆಯ ತಾಮ್ರದ ತಂತಿಯಲ್ಲಿ ಮಳೆ ಬಂದಾಗ ವೇಗ ಬಿದ್ದರೆ ಜಾಯಿಂಟಿಗೆ ನೀರು ಇಳಿದಿರುವ ಸಂಭವವೇ ಹೆಚ್ಚು. ಆ ತಂತಿಯಲ್ಲಿ ಎಕ್ಸ್‌ಚೇಂಜಿನಿಂದ ದೂರವಾದಷ್ಟೂ ವೇಗ ಇಳಿಯುತ್ತದೆ. ನಾಲ್ಕೈದು ಕಿಲೋಮೀಟರಿನಾಚೆ ಅದು ಹೆಸರಿಗೆ ಮಾತ್ರ. ಫೈಬರಿಗೆ ಈ ತೊಂದರೆಯಿಲ್ಲ, ಆದರೆ ಅದು ಗಾಜಿನ ಎಳೆ, ಬಿಗಿಯಾಗಿ ಬಾಗಿದರೆ ಬೆಳಕು ಸೋರುತ್ತದೆ. ಪೆಟ್ಟಿಗೆಯಲ್ಲಿ ಎಲ್ಓಎಸ್ ಎಂಬ ಕೆಂಪು ದೀಪ ಹೊತ್ತಿದರೆ ಬೆಳಕು ಬರುತ್ತಿಲ್ಲವೆಂದೇ ತಿಳಿಯಬೇಕು. ಆಗ ರೂಟರನ್ನು ಎಷ್ಟು ಸಲ ಆರಿಸಿ ಹಚ್ಚಿದರೂ ಫಲವಿಲ್ಲ.

ಇಲ್ಲಿ ಒಂದು ಕಟುಮಾತನ್ನು ಹೇಳದಿರಲಾಗದು. ನಮ್ಮ ಕಡೆ ಫೈಬರು ಬರುವುದೇ ಅಡಿಕೆ ಮರಗಳ, ಸಿಲ್ವರ್ ಓಕ್ ಮರಗಳ ಮೇಲೆ ತೂಗಾಡುತ್ತ. ಬೋರ್ಡೋ ಹೊಡೆಯುವಾಗ ಮರದಿಂದ ಮರಕ್ಕೆ ಹಾಯುವ ಕೊನೆಗಾರನಿಗೆ ಅದು ಅಡ್ಡ. ಮರಗಸಿಯಲ್ಲಿ ಕೊಂಬೆ ಬಿದ್ದರೆ ಅದು ತುಂಡು. ಒಣಸೋಗೆ ಬಿದ್ದರೂ ಜಗ್ಗುತ್ತದೆ. ಕಂಬ ನೆಡಲು ಬೇಲಿಯಂಚಿನಲ್ಲಿ ಮೂರಡಿ ಜಾಗ ಕೇಳಿದರೆ ಒಲ್ಲೆನ್ನುವವರು, ತಂತಿ ಕಡಿದ ದಿನ ಕಂಪೆನಿಯನ್ನು ಬೈಯುವುದು ನ್ಯಾಯವಲ್ಲ. ಮೇಲಿನ ತೋಟದವನು ದಾರಿ ಕೊಡದೆ ಕೆಳಗಿನ ಐದು ಮನೆಗೆ ಬೆಳಕು ಹೋಗದು. ಕಾಲುವೆ ನೀರಿಗೆ ನಾವು ಒಪ್ಪಿಕೊಂಡಿರುವ ನೆರೆಹೊರೆಯ ಧರ್ಮ ಈ ತಂತಿಗೂ ಸಲ್ಲಬೇಕು.

ಹಾಗೆಂದು ಕಂಪೆನಿಗಳ ಹೊಣೆಯೇನೂ ತಪ್ಪದು. ಟ್ರಾಯ್‌ನ 2012ರ ನಿಯಮದ ಪ್ರಕಾರ ದೂರು ಕೊಟ್ಟವನಿಗೆ ಡಾಕೆಟ್ ಸಂಖ್ಯೆ ಕೊಡಲೇಬೇಕು. ಪರಿಹಾರ ಸಿಗದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ತೀರ್ಮಾನಿಸುವುದಿಲ್ಲ. ಆದರೆ ಗ್ರಾಹಕರ ಆಯೋಗದ ಬಾಗಿಲು ತೆರೆದಿದೆಯೆಂದು 2022ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಫೋನಿನಲ್ಲಿ ಗದರಿದ್ದಕ್ಕೆ ದಾಖಲೆಯಿಲ್ಲ. ಡಾಕೆಟ್ ಸಂಖ್ಯೆಗೂ ಮೂರು ದಿನದ ಅಳತೆಗೂ ದಾಖಲೆಯ ಬೆಲೆಯುಂಟು.

ಒಬ್ಬೊಬ್ಬರ ದೂರಿಗಿಂತ ಒಂದು ಊರಿನ ದೂರಿಗೆ ತೂಕ ಹೆಚ್ಚು. ಅಡಿಕೆಗೆ ಮಾರುಕಟ್ಟೆ ಕುಸಿದ ಕಾಲದಲ್ಲಿ, 1973ರಲ್ಲಿ, ಬೆಳೆಗಾರರು ಒಟ್ಟಾಗಿ ಕ್ಯಾಂಪ್ಕೊ ಕಟ್ಟಿದ್ದನ್ನು ನಮಗೆ ಯಾರೂ ನೆನಪಿಸಬೇಕಾಗಿಲ್ಲ. ಅಷ್ಟು ದೊಡ್ಡ ಸಾಹಸವನ್ನೇನೂ ನಾವು ಈಗ ಕೇಳುತ್ತಿಲ್ಲ. ಸಂಘದ ಕಛೇರಿಯಲ್ಲಿ ಒಂದು ದಾಖಲೆ ಪುಸ್ತಕ ಇಡೋಣ. ಸದಸ್ಯರು ತಮ್ಮ ಊರು, ಪ್ಲಾನು, ಮೂರು ದಿನದ ಅಳತೆ, ಡಾಕೆಟ್ ಸಂಖ್ಯೆಗಳನ್ನು ಅದರಲ್ಲಿ ಬರೆಸಲಿ. ಯಾವ ಊರಿನಲ್ಲಿ, ಯಾವ ಹೊತ್ತಿನಲ್ಲಿ ದೋಷವೆಂಬುದು ಒಂದೇ ತಿಂಗಳಲ್ಲಿ ಕಣ್ಣಿಗೆ ಕಟ್ಟುತ್ತದೆ. ಆ ಪಟ್ಟಿಯನ್ನು ಸಂಘದ ಠರಾವಿನೊಡನೆ ಕಂಪೆನಿಗೂ ಗ್ರಾಮ ಪಂಚಾಯತಿಗೂ ಕಳಿಸಬಹುದು. ಪಂಚಾಯತಿಗಳಿಗೆ ಫೈಬರು ತರುವ ಯೋಜನೆಯನ್ನು ಕೇಂದ್ರ ಸರಕಾರ 2011ರಲ್ಲೇ ಮಂಜೂರು ಮಾಡಿತ್ತು. ಭಾರತ್‌ನೆಟ್ ಎಂಬ ಅದರ ಈಗಿನ ಹೆಸರು ನಾಮಫಲಕದಲ್ಲಿ ಮಾತ್ರ ಇದೆಯೇ, ಬೆಳಕೂ ಹರಿಯುತ್ತಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಮಗಿದೆ.

ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದು ಸೂಚಿಸುತ್ತೇವೆ. ಸದಸ್ಯ ಬಂಧುಗಳು ಆ ದಿನ ಬರಿಗೈಯಲ್ಲಿ ಬಾರದೆ, ತಮ್ಮ ಮನೆಯ ಅಳತೆಯ ಚೀಟಿಯನ್ನು ತರಬೇಕಾಗಿ ವಿನಂತಿ.